ವೃತ್ತಿಗೆ ಲಿಂಗಭೇದವುಂಟೆ?

ಹತ್ತನೆಯ ತರಗತಿಯ ಪರೀಕ್ಷೆ ಮುಗಿದೊಡನೆ ಪ್ರತಿಯೊಬ್ಬ ವಿದ್ಯಾರ್ಥಿಯ ಮುಂದೆಯೂ ಒಂದು ಪ್ರಶ್ನೆ ಬಂದು ನಿಲ್ಲುತ್ತದೆ: ಮುಂದೆ ಏನನ್ನು ಓದಬೇಕು? ಯಾವ ವೃತ್ತಿಯನ್ನು ಹಿಡಿಯಬೇಕು? ಇದಕ್ಕೆ ತಾನೇ ಸ್ವತಂತ್ರವಾಗಿ ಉತ್ತರ ಹೇಳುತ್ತಿದ್ದೇನೆಂದು ಪ್ರತಿಯೊಬ್ಬರೂ ಭಾವಿಸುವುದು ಸಹಜ. ಆದರೆ ಆ ಉತ್ತರದ ಒಂದು ಭಾಗವನ್ನು ಸಮಾಜವು ನಮಗೆ ಅರಿವಾಗದಂತೆ ಮೊದಲೇ ನಿಶ್ಚಯಿಸಿರುತ್ತದೆ. 'ಇದು ಗಂಡಸರ ಕೆಲಸ, ಅದು ಹೆಂಗಸರ ಕೆಲಸ' ಎಂಬ ರೂಢಿಯ ಕಲ್ಪನೆಯೇ ಅದಕ್ಕೆ ಕಾರಣ.

ಈ ಕಲ್ಪನೆಯನ್ನು ಯಾರೂ ಪಾಠ ಮಾಡಿ ಕಲಿಸುವುದಿಲ್ಲ. ಅದು ದಿನನಿತ್ಯದ ಸಣ್ಣ ಸಂಗತಿಗಳಿಂದ ಮನಸ್ಸಿನಲ್ಲಿ ಬೇರೂರುತ್ತದೆ. ಜಾತ್ರೆಯಲ್ಲಿ ಮಗನಿಗೆ ಆಟದ ಮೋಟಾರನ್ನು ಕೊಂಡರೆ, ಮಗಳಿಗೆ ಅಡಿಗೆಯ ಆಟದ ಸಾಮಾನನ್ನು ಕೊಳ್ಳುತ್ತಾರೆ. ನೆಂಟರು ಬಂದಾಗ ನೀರು ತರಲು ಮಗಳನ್ನು ಕರೆಯುತ್ತಾರೆ. ಸೈಕಲ್ಲಿನ ಚೈನು ಕಳಚಿದಾಗ ಮಗನನ್ನು ಕರೆಯುತ್ತಾರೆ. ಇವು ಅಲ್ಪ ವಿಷಯಗಳೆಂದು ತೋರಬಹುದು. ಆದರೆ ಹತ್ತು ವರ್ಷಗಳ ಕಾಲ ಯಂತ್ರವನ್ನು ಮುಟ್ಟದೆ ಬೆಳೆದ ಹುಡುಗಿ ತನಗೆ ಯಂತ್ರಶಾಸ್ತ್ರ ಒಲಿಯದೆಂದು ನಂಬುವುದರಲ್ಲಿ ಆಶ್ಚರ್ಯವೇನಿದೆ?

ಈ ನಂಬಿಕೆ ಎಷ್ಟು ಬೇಗ ಮೂಡುತ್ತದೆಂಬುದನ್ನು ವಿದ್ವಾಂಸರು ಪರೀಕ್ಷಿಸಿ ನೋಡಿದ್ದಾರೆ. ಡೇವಿಡ್ ಚೇಂಬರ್ಸ್ ಎಂಬವರು 1966ರಿಂದ 1977ರವರೆಗೆ, ಬಹುಮಟ್ಟಿಗೆ ಕೆನಡ ಮತ್ತು ಅಮೆರಿಕದ ಶಾಲೆಗಳಲ್ಲಿ, 4,807 ಮಂದಿ ಮಕ್ಕಳಿಂದ ವಿಜ್ಞಾನಿಯ ಚಿತ್ರವನ್ನು ಬರೆಯಿಸಿದರು. ಆ ರಾಶಿಯಲ್ಲಿ ಸ್ತ್ರೀ ವಿಜ್ಞಾನಿಯ ಚಿತ್ರಗಳು 28 ಮಾತ್ರ! ಅವೆಲ್ಲವೂ ಹುಡುಗಿಯರೇ ಬರೆದವು. 2017ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ, ಐದು ವರ್ಷದ ಬಾಲಕಿಯರು ಅಸಾಧಾರಣ ಬುದ್ಧಿವಂತಿಕೆ ತಮ್ಮವರಲ್ಲಿಯೂ ಉಂಟೆಂದು ಬಾಲಕರಷ್ಟೇ ಧೈರ್ಯವಾಗಿ ಹೇಳಿದರು. ಆರನೆಯ ವರ್ಷದ ಹೊತ್ತಿಗೆ ಆ ಧೈರ್ಯ ಕುಗ್ಗಿತ್ತು. 'ಇದು ಬಹಳ ಬುದ್ಧಿವಂತರ ಆಟ' ಎಂದು ಹೇಳಿದರೆ ಆ ಆಟದಲ್ಲಿ ಅವರಿಗಿದ್ದ ಆಸಕ್ತಿಯೂ ಕಡಮೆಯಾಯಿತು. ಇಲ್ಲಿ ಶಕ್ತಿ ಕುಂದಲಿಲ್ಲ. ಶಕ್ತಿಯಲ್ಲಿದ್ದ ನಂಬಿಕೆ ಕುಂದಿತು. ನಂಬಿಕೆ ಕುಂದಿದವರು ಪ್ರಯತ್ನಿಸುವುದಿಲ್ಲ. ಪ್ರಯತ್ನಿಸದ ಕಾರಣ ಆ ಕ್ಷೇತ್ರದಲ್ಲಿ ಅವರ ಸಂಖ್ಯೆ ಸ್ವಲ್ಪವಾಗುತ್ತದೆ. ಆ ಸ್ವಲ್ಪ ಸಂಖ್ಯೆಯನ್ನೇ ತೋರಿಸಿ, 'ನೋಡಿ, ಇದು ಅವರಿಗೆ ತಕ್ಕ ಕೆಲಸವಲ್ಲ' ಎಂದು ಜನರು ಹೇಳುತ್ತಾರೆ.

ಕೆಲಸಗಳ ಈ ವಿಂಗಡಣೆ ಪ್ರಕೃತಿಯ ನಿಯಮವೆ? ನಮ್ಮ ಸುತ್ತಲೂ ನೋಡಿದರೆ ಹಾಗೆ ತೋರುವುದಿಲ್ಲ. ಮನೆಯಲ್ಲಿ ಅಡಿಗೆ ಹೆಂಗಸರ ಕೆಲಸವೆನ್ನುತ್ತಾರೆ. ಆದರೆ ಮದುವೆಯ ಮನೆಗೆ, ಹೋಟೆಲಿಗೆ ಬರುವವರು ಸಾಮಾನ್ಯವಾಗಿ ಅಡಿಗೆಯ ಭಟ್ಟರು. ಸಂಬಳವಿಲ್ಲದ ಕೆಲಸ ಸಂಬಳದ ಕೆಲಸವಾದೊಡನೆ ಗಂಡಸರದಾಗುತ್ತದೆ! 1946ರಲ್ಲಿ ಅಮೆರಿಕದಲ್ಲಿ ಲೋಕದ ಗಮನ ಸೆಳೆದ 'ಎನಿಯಾಕ್' ಎಂಬ ಗಣಕಯಂತ್ರಕ್ಕೆ ಲೆಕ್ಕದ ಕ್ರಮವನ್ನು ರೂಪಿಸಿಕೊಟ್ಟವರು ಆರು ಮಂದಿ ಮಹಿಳೆಯರು. ಯಂತ್ರವನ್ನು ಕಟ್ಟುವುದು ಮಾತ್ರ ಘನವಾದ ಕೆಲಸವೆಂದೂ, ಅದಕ್ಕೆ ಕ್ರಮವನ್ನು ಒದಗಿಸುವುದು ಗುಮಾಸ್ತಿಕೆಯಂತಹ ಕೆಲಸವೆಂದೂ ಆಗ ಎಣಿಸಿದ್ದರು. ಆ ಕೆಲಸಕ್ಕೆ ಗೌರವವೂ ಸಂಬಳವೂ ಹೆಚ್ಚಿದಂತೆ ಅದು ಗಂಡಸರ ವಿದ್ಯೆಯೆನಿಸಿತು. ಕೆಲಸ ಅದೇ, ಕಾಲ ಬದಲಾದಾಗ ಹಣೆಪಟ್ಟಿ ಬದಲಾಯಿತು.

ಈ ಹಣೆಪಟ್ಟಿಯನ್ನು ಒಪ್ಪದೆ ನಡೆದವರ ಚರಿತ್ರೆ ನಮ್ಮ ನಾಡಿನಲ್ಲಿಯೇ ಇದೆ. 1933ರಲ್ಲಿ ಕಮಲಾ ಭಾಗವತ್ ಎಂಬ ತರುಣಿ ಮುಂಬಯಿ ವಿಶ್ವವಿದ್ಯಾನಿಲಯದ ಪದವಿಯನ್ನು ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದರು. ಆಗಿನ ನಿರ್ದೇಶಕರು ಜಗತ್ಪ್ರಸಿದ್ಧ ವಿಜ್ಞಾನಿ ಸರ್ ಸಿ. ವಿ. ರಾಮನ್. ಹೆಣ್ಣೆಂಬ ಕಾರಣದಿಂದ ಅವರು ಪ್ರವೇಶವನ್ನು ನಿರಾಕರಿಸಿದರು. ಕಮಲಾ ಹಿಮ್ಮೆಟ್ಟದೆ ಕಾರಣವನ್ನು ಕೇಳಿದರು, ಪಟ್ಟು ಹಿಡಿದರು. ಕೊನೆಗೆ ಒಂದು ವರ್ಷದ ಪರೀಕ್ಷಾವಧಿಯ ಮೇಲೆ, ಕಠಿಣವಾದ ಷರತ್ತುಗಳೊಡನೆ ಪ್ರವೇಶ ದೊರೆಯಿತು. ಅವರ ಶ್ರದ್ಧೆಯನ್ನು ಕಂಡ ಮೇಲೆ ರಾಮನ್ನರು ಇತರ ವಿದ್ಯಾರ್ಥಿನಿಯರಿಗೂ ಬಾಗಿಲನ್ನು ತೆರೆದರು. ಕಮಲಾ 1939ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಡಾಕ್ಟರೇಟ್ ಪದವಿಯನ್ನು ಪಡೆದರು. ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಿಂದ ಪ್ರಸಿದ್ಧರಾಗಿ, ಬೇಳೆಕಾಳು ಮತ್ತು ನೀರಾದ ಪೌಷ್ಟಿಕ ಗುಣಗಳನ್ನು ಕುರಿತು ಸಂಶೋಧನೆ ನಡೆಸಿದರು. ಮಹಾವಿಜ್ಞಾನಿಯೊಬ್ಬರ ಮನಸ್ಸನ್ನೂ ರೂಢಿ ಕಟ್ಟಿಹಾಕಬಲ್ಲದೆಂಬುದು ಇದರಿಂದ ತಿಳಿಯುತ್ತದೆ. ಸಾಧನೆ ಆ ಕಟ್ಟನ್ನು ಬಿಚ್ಚಬಲ್ಲದೆಂಬುದೂ ತಿಳಿಯುತ್ತದೆ.

ಕೊಡಗಿನ ವಿರಾಜಪೇಟೆಯಲ್ಲಿ ಜನಿಸಿದ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ವಿವಾಹವಾದರೆ ಕೆಲಸವನ್ನು ಬಿಡುವುದಾಗಿ ಅವರು ಮುಚ್ಚಳಿಕೆ ಬರೆದುಕೊಡಬೇಕಾಯಿತು. ಪುರುಷರಿಗೆ ಈ ಕಟ್ಟಳೆ ಇರಲಿಲ್ಲ. 1970ರಲ್ಲಿ ಅವರು ಹಂಗೇರಿ ದೇಶಕ್ಕೆ ರಾಯಭಾರಿಯಾದರು. ಮುಂದೆ ಬಡ್ತಿ ನಿರಾಕರಿಸಲ್ಪಟ್ಟಾಗ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಮೊಕದ್ದಮೆ ತೀರ್ಮಾನವಾಗುವ ಮುನ್ನವೇ ಬಡ್ತಿ ದೊರೆಯಿತು. ಆದರೂ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು 1979ರ ತೀರ್ಪಿನಲ್ಲಿ, ಲಿಂಗಭೇದದ ಕಳಂಕವು ಅಳಿಯುವಂತೆ ಸೇವಾನಿಯಮಗಳನ್ನು ತಿದ್ದಬೇಕೆಂದು ಒತ್ತಿ ಹೇಳಿದರು. ಸರ್ಕಾರಿ ಉದ್ಯೋಗದಲ್ಲಿ ಲಿಂಗದ ಆಧಾರದ ಮೇಲೆ ಭೇದವೆಣಿಸಬಾರದೆಂದು ನಮ್ಮ ಸಂವಿಧಾನದ 16ನೆಯ ಅನುಚ್ಛೇದ ಸಾರುತ್ತದೆ. ಆ ಮಾತು ಆಚರಣೆಗೆ ಬರಲು ಒಬ್ಬರು ನಿಂತು ಕೇಳಬೇಕಾಯಿತು.

ರೂಢಿಯ ಭಾರ ಹುಡುಗಿಯರ ಮೇಲೆ ಮಾತ್ರ ಬೀಳುವುದಿಲ್ಲ. ರೋಗಿಗಳ ಶುಶ್ರೂಷೆಯಲ್ಲಿ, ಶಿಶುವಿಹಾರದ ಶಿಕ್ಷಣದಲ್ಲಿ, ನೃತ್ಯದಲ್ಲಿ ಒಲವುಳ್ಳ ಹುಡುಗನು ಗೆಳೆಯರ ನಗೆಗೆ ಅಂಜಿ ಅದನ್ನು ಮರೆಮಾಚುತ್ತಾನೆ. 'ಗಂಡುಮಗ ಹೆಚ್ಚು ಸಂಪಾದಿಸಬೇಕು' ಎಂಬ ಒತ್ತಾಯಕ್ಕೆ ಮಣಿದು, ತನಗೆ ರುಚಿಸದ ವಿದ್ಯೆಯನ್ನು ಹೊತ್ತು ಬಳಲುತ್ತಾನೆ. ಇದರಿಂದ ವ್ಯಕ್ತಿಗೆ ಅತೃಪ್ತಿ. ಸಮಾಜಕ್ಕೆ ಒಬ್ಬ ಒಳ್ಳೆಯ ಶುಶ್ರೂಷಕನ, ಒಬ್ಬ ಒಳ್ಳೆಯ ಶಿಕ್ಷಕನ ನಷ್ಟ.

ಹಾಗೆಂದು ಹುಡುಗಿಯರೆಲ್ಲ ಯಂತ್ರಶಾಸ್ತ್ರವನ್ನೇ, ಹುಡುಗರೆಲ್ಲ ಶುಶ್ರೂಷೆಯನ್ನೇ ಆರಿಸಬೇಕೆಂದು ಅರ್ಥವಲ್ಲ. ಶಿಕ್ಷಕಿಯಾಗಲು ಬಯಸುವ ಹುಡುಗಿಯ ಬಯಕೆ ವಿಮಾನ ನಡೆಸಲು ಬಯಸುವವಳ ಬಯಕೆಗಿಂತ ಕೀಳಲ್ಲ. ಆಯ್ಕೆ ಯಾವುದೇ ಇರಲಿ, ಅದು ಒಲವನ್ನೂ ಸಾಮರ್ಥ್ಯವನ್ನೂ ತೂಗಿ ನೋಡಿ ಮಾಡಿದ್ದಾಗಿರಬೇಕು. ಒಂದು ವಿಷಯವನ್ನು ಕೈಬಿಡುವ ಮುನ್ನ, 'ಇದು ನನಗೆ ನಿಜವಾಗಿಯೂ ಬಾರದೆ? ಅಥವಾ ಬಾರದೆಂದು ಇತರರು ಹೇಳಿದ್ದಾರೆಯೆ?' ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಸಹಪಾಠಿಯ ಆಸೆಯನ್ನು ಕೇಳಿ ನಗುವ ಮುನ್ನವೂ ಇದೇ ಪ್ರಶ್ನೆ ನೆನಪಿಗೆ ಬರಲಿ. ನಿಮ್ಮ ತರಗತಿಯಲ್ಲಿಯೇ ಅಂಜಿ ಕುಳಿತಿರುವ ಒಬ್ಬರಿಗೆ ನಿಮ್ಮ ಒಂದು ಒಳ್ಳೆಯ ಮಾತು ಧೈರ್ಯವನ್ನು ಕೊಟ್ಟೀತು.