ಕಿರುಬೆರಳಿಗೆ ಜಾಗವಿಲ್ಲದ ಕ್ಯಾಮೆರಾ

‘ಇದಕ್ಕೊಂದು ಗ್ರಿಪ್ ತರಿಸಿಕೊಡಿ’ ಎಂದು ಕುಂದಾಪುರದ ನನ್ನ ಸ್ಟುಡಿಯೊಕ್ಕೆ ಬರುವವರ ಕೈಯನ್ನು ಮೊದಲು ನೋಡುತ್ತೇನೆ, ಕ್ಯಾಮೆರಾವನ್ನು ಆಮೇಲೆ. ಹಿಡಿದು ತೋರಿಸಿ ಅಂದರೆ ಹೆಚ್ಚಿನವರ ಕಿರುಬೆರಳು ಬಾಡಿಯ ಅಡಿಗೆ ಮಡಚಿಕೊಂಡಿರುತ್ತದೆ, ಇಲ್ಲವೇ ಗಾಳಿಯಲ್ಲಿ ನೇತಾಡುತ್ತಿರುತ್ತದೆ. ಅಂಗಡಿಯಲ್ಲಿ ಎರಡು ನಿಮಿಷ ಹಿಡಿದಾಗ ಇದು ಗೊತ್ತಾಗುವುದೇ ಇಲ್ಲ. ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಟ ಮೇಲೆ, ಅಂದರೆ ನವೆಂಬರಿನಿಂದ ಮೇ ತನಕ, ನಮ್ಮ ಕಡೆಯ ಫೋಟೊಗ್ರಾಫರಿಗೆ ಹಗಲು ಮದುವೆ, ರಾತ್ರಿ ಆಟ. ಇಡೀ ರಾತ್ರಿಯ ಆಟ ತೆಗೆಯುವವರಿಗೆ ಮೂರೇ ಬೆರಳಿನ ಹಿಡಿತ ಅಂದರೆ ಏನೆಂದು ಮೊದಲ ಪ್ರಸಂಗ ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಬುಡವೇ ಹೇಳುತ್ತದೆ.

ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಹೀಗೇಕೆ ಆದವು ಎಂಬುದಕ್ಕೆ ಕಾರಣವಿದೆ. ಹಿಂದಿನ ಎಸ್‌ಎಲ್‌ಆರ್‌ಗಳಲ್ಲಿ ಲೆನ್ಸಿಗೂ ಸೆನ್ಸರಿಗೂ ನಡುವೆ ಒಂದು ಕನ್ನಡಿ ಓರೆಯಾಗಿ ಕೂತಿರುತ್ತಿತ್ತು. ಬಟನ್ ಒತ್ತಿದಾಗ ಅದು ಮೇಲೆದ್ದು ಬೆಳಕಿಗೆ ದಾರಿ ಬಿಡಬೇಕು, ಏಳುವುದಕ್ಕೆ ಜಾಗ ಬೇಕು. ನಿಕಾನ್‌ನ ಎಫ್ ಮೌಂಟಿನಲ್ಲಿ ಲೆನ್ಸ್ ಕೂರುವ ಉಂಗುರದಿಂದ ಸೆನ್ಸರಿಗೆ 46.5 ಮಿ.ಮೀ. ದೂರವಿತ್ತು. ಕನ್ನಡಿ ಹೋದ ಮೇಲೆ ಬಂದ ಝಡ್ ಮೌಂಟಿನಲ್ಲಿ ಅದು 16 ಮಿ.ಮೀ. ಕ್ಯಾನನ್‌ನಲ್ಲಿ 44 ಇದ್ದದ್ದು 20ಕ್ಕೆ ಇಳಿಯಿತು. ಸೋನಿಯ ಇ ಮೌಂಟಿನಲ್ಲಿ 18. ದಪ್ಪ ಹೋಯಿತು, ಅದರ ಜತೆಗೆ ಅಂಗೈ ತುಂಬಿಕೊಳ್ಳುತ್ತಿದ್ದ ಬಾಡಿಯೂ ಹೋಯಿತು. ‘ಚಿಕ್ಕದು, ಹಗುರ’ ಎಂದು ಜಾಹೀರಾತು ಮಾಡಲಿಕ್ಕೆ ಕಂಪನಿಗಳಿಗೆ ಅದು ಒಳ್ಳೆಯದೇ ಆಯಿತು.

ಹಿಡಿತದ ಈ ತೊಂದರೆ ಕಂಪನಿಗಳಿಗೆ ತಿಳಿಯದ್ದೇನಲ್ಲ. 2013ರ ಸೋನಿ ಎ7ನ ಹಿಡಿಕೆಯನ್ನೂ 2019ರ ಎ7ಆರ್ 4ರ ಹಿಡಿಕೆಯನ್ನೂ ಒಂದಾದ ಮೇಲೊಂದು ಹಿಡಿದು ನೋಡಿ, ಎರಡನೆಯದು ಎಷ್ಟು ಆಳವಾಗಿದೆ ಎಂದು ಬೆರಳಿಗೇ ತಿಳಿಯುತ್ತದೆ. ಇಂಥ ಬಾಡಿ ಇರುವವರು ಗ್ರಿಪ್ ಕೇಳಿದರೆ ಬೇಡ ಅನ್ನುತ್ತೇನೆ, ವ್ಯಾಪಾರ ಹೋದರೂ ಚಿಂತೆಯಿಲ್ಲ. ತೊಂದರೆ ಇರುವುದು ಗಿಡ್ಡ ಬಾಡಿಗಳಲ್ಲಿ. 2020ರ ಎ7ಸಿ ಎತ್ತರ 71.1 ಮಿ.ಮೀ. ಮಾತ್ರ, ದೊಡ್ಡವರ ನಾಲ್ಕು ಬೆರಳು ಒಂದರ ಪಕ್ಕ ಒಂದು ಅಷ್ಟರಲ್ಲಿ ಹಿಡಿಸುವುದು ಕಷ್ಟ. 2023ರಲ್ಲಿ ಎ7ಸಿಆರ್ ತಂದಾಗ ಸೋನಿಯವರು ಜಿಪಿ-ಎಕ್ಸ್2 ಎಂಬ ಗ್ರಿಪ್ಪನ್ನು ಪೆಟ್ಟಿಗೆಯೊಳಗೇ ಇಟ್ಟು ಕೊಟ್ಟರು. ಕ್ಯಾನನ್ ತನ್ನ ಇಒಎಸ್ ಆರ್‌ಪಿಗೆ ಇಜಿ-ಇ1 ಮಾಡಿತು, ನಿಕಾನ್ ಹಳೆ ಕಾಲದ ಚೆಹರೆಯ ಝಡ್ ಎಫ್‌ಸಿಗೆ ಜಿಆರ್-1 ಮಾಡಿತು. ಸ್ಮಾಲ್‌ರಿಗ್‌ನಂಥ ಚೀನಾ ಕಂಪನಿಗಳದ್ದಂತೂ ಹೆಚ್ಚಿನ ಮಾಡೆಲುಗಳಿಗೆ ಒಂದೊಂದಿದೆ.

ದುಡ್ಡು ಕೊಡುವ ಮೊದಲು ಒಂದು ಪರೀಕ್ಷೆ ಮಾಡಿ. ಮಕ್ಕಳ ಪೆನ್ಸಿಲ್ ಡಬ್ಬಿಯಿಂದ ಉದ್ದನೆಯ ರಬ್ಬರ್ ಒಂದನ್ನು ತೆಗೆದು, ಬಾಡಿಯ ಅಡಿಗೆ ಹಿಡಿಕೆ ಇರುವ ಕಡೆ, ಪೇಪರ್ ಟೇಪಿನಲ್ಲಿ ಅಂಟಿಸಿ. ಸೆಲ್ಲೋಟೇಪ್ ಬೇಡ, ಗೋಂದು ಉಳಿಯುತ್ತದೆ. ನೀವು ಅತಿ ಹೆಚ್ಚು ಬಳಸುವ ಲೆನ್ಸ್ ಹಾಕಿ, ಕುತ್ತಿಗೆಯ ಬೆಲ್ಟ್ ತೆಗೆದಿಟ್ಟು, ಟಿ.ವಿ. ನೋಡುತ್ತ ಅರ್ಧ ಗಂಟೆ ಕ್ಯಾಮೆರಾ ಕೈಯಲ್ಲೇ ಇರಲಿ. ಕಿರುಬೆರಳು ತಾನಾಗಿ ರಬ್ಬರಿನ ಮೇಲೆ ಕೂತು, ಹೆಬ್ಬೆರಳಿನ ಬಿಗಿ ಸಡಿಲಾದರೆ ನಿಮಗೆ ಬೇಕಾದದ್ದು ಎತ್ತರ. ಅಡಿಪ್ಲೇಟ್ ಒಂದೇ ಸಾಕು. ಕಿರುಬೆರಳು ಕೂತರೂ ಬೆರಳ ತುದಿಗಳು ಮುಂದಕ್ಕೆ ಜಾರುತ್ತಿವೆ ಅನ್ನಿಸಿದರೆ ಬೇಕಾದದ್ದು ಮುಂದಿನ ಉಬ್ಬು. ಇವು ಎರಡು ಬೇರೆ ಬೇರೆ ಕೊರತೆಗಳು, ಗ್ರಿಪ್‌ಗಳೂ ಬೇರೆ.

ಮುಂದಿನ ಉಬ್ಬು ತೆಗೆದುಕೊಳ್ಳುವವರು ಎರಡು ವಿಷಯ ಗಮನಿಸಬೇಕು. ಉಬ್ಬು ಹೆಚ್ಚಾದಷ್ಟೂ ಬೆರಳ ಗೆಣ್ಣಿಗೂ ಲೆನ್ಸಿಗೂ ನಡುವಿನ ಸಂದು ಕಿರಿದಾಗುತ್ತದೆ. ಸಣ್ಣ ಲೆನ್ಸಿನಲ್ಲಿ ಸಲೀಸಾಗಿದ್ದ ಗ್ರಿಪ್, ಎಫ್2.8ರ ದಪ್ಪ ಝೂಮ್ ಹಾಕಿದ ಕೂಡಲೇ ಉಂಗುರದ ಬೆರಳಿನ ಉಂಗುರವನ್ನು ಲೆನ್ಸಿಗೆ ಉಜ್ಜುತ್ತದೆ. ಮದುವೆ ಮನೆಯಲ್ಲಿ ಉಂಗುರ ಹಾಕಿ ಕೆಲಸ ಮಾಡುವ ಹುಡುಗರಿಗೆ ಇದನ್ನು ಬೇರೆ ಹೇಳಬೇಕಾಗುತ್ತದೆ. ಎರಡನೆಯದು, ಗ್ರಿಪ್ ಕೈಯನ್ನು ಮುಂದಕ್ಕೆ ತರುತ್ತದೆ, ಶಟರ್ ಬಟನ್ ಇದ್ದಲ್ಲೇ ಇರುತ್ತದೆ. ಫ್ಯೂಜಿಫಿಲ್ಮ್‌ನ ಎಕ್ಸ್-ಟಿ ಸರಣಿಯಲ್ಲಿ ಬಟನ್ ಬಾಡಿಯ ನೆತ್ತಿಯ ಮೇಲಿರುವುದರಿಂದ ತೋರುಬೆರಳು ಹಿಂದಕ್ಕೆ ಕೊಕ್ಕೆಯಾಗಬೇಕು. ಬಟನ್ನಿನಲ್ಲಿರುವ ಸ್ಕ್ರೂ ತೂತಿಗೆ ಸಣ್ಣ ಗುಂಡಿ ಸಿಕ್ಕಿಸಿದರೆ ಅದು ತುಸು ಎತ್ತರವಾಗಿ ಬೆರಳಿಗೆ ಸಿಗುತ್ತದೆ.

ಗ್ರಿಪ್ ಹಾಕಿದರೆ ಭಾರ ಕಡಿಮೆಯಾಗುತ್ತದೆ ಎಂದು ನಂಬಿ ಬರುವವರಿದ್ದಾರೆ. ಭಾರ ಹೆಚ್ಚಾಗುತ್ತದೆ, ಅಲ್ಯೂಮಿನಿಯಂ ಏನೂ ಪುಕ್ಕಟೆ ತೂಗುವುದಿಲ್ಲ. 509 ಗ್ರಾಂನ ಎ7ಸಿಗೆ 1,045 ಗ್ರಾಂನ 70-200 ಎಫ್2.8 ಜಿಎಂ 2 ಹಾಕಿದಿರಿ ಅನ್ನಿ. ಬಾಡಿಯ ಎರಡರಷ್ಟು ತೂಕ ಮುಂದಕ್ಕೆ ಚಾಚಿಕೊಂಡಿದೆ. ತುಂಬಿದ ಕೊಡಪಾನವನ್ನು ಕೈ ನೀಡಿ ಹಿಡಿದಂತೆ: ತೂಕ ಎಷ್ಟೆಂಬುದಕ್ಕಿಂತ ಅದು ಮಣಿಕಟ್ಟಿನಿಂದ ಎಷ್ಟು ದೂರವಿದೆ ಎಂಬುದೇ ಕೈಯನ್ನು ದಣಿಸುತ್ತದೆ. ಅಲ್ಲಿ ತೂಕ ಹೊರಬೇಕಾದದ್ದು ಲೆನ್ಸಿನ ಅಡಿಯಲ್ಲಿರುವ ಎಡ ಅಂಗೈ. ಬಲಗೈ ಬಟನ್ ಒತ್ತಬೇಕು, ಡಯಲ್ ತಿರುಗಿಸಬೇಕು, ಕ್ಯಾಮೆರಾ ಹೊರಳದಂತೆ ತಡೆಯಬೇಕು. ಗ್ರಿಪ್ಪಿನ ಕೆಲಸ ಇಷ್ಟಕ್ಕೆ ಆಸರೆ ಕೊಡುವುದು.

ನಾನು ಅತಿ ಹೆಚ್ಚು ತಕರಾರು ಮಾಡುವುದು ಬ್ಯಾಟರಿಯ ಬಾಗಿಲಿನ ಬಗ್ಗೆ. ಅಡಿಪ್ಲೇಟ್ ಕೂರುವುದೂ ಬಾಡಿಯ ತಳಕ್ಕೆ, ಬ್ಯಾಟರಿ ತೆರೆಯುವುದೂ ತಳದಲ್ಲಿ. ಪ್ಲೇಟಿನಲ್ಲಿ ಅದಕ್ಕೆ ಕಿಂಡಿ ಬಿಟ್ಟಿರಬೇಕು, ಬಾಗಿಲು ಪೂರ್ತಿ ಮಡಚಿ ತೆರೆಯಬೇಕು, ಬ್ಯಾಟರಿಯನ್ನು ಉಗುರಲ್ಲಿ ಮೀಟಿದರೆ ಜಾರಿ ಬರಬೇಕು. ಫ್ಯೂಜಿಫಿಲ್ಮ್ ಎಕ್ಸ್-ಟಿ30ರಂಥವುಗಳಲ್ಲಿ ಮೆಮೊರಿ ಕಾರ್ಡೂ ಅದೇ ಬಾಗಿಲೊಳಗಿದೆ. ಅಲ್ಲಿ ಕಿಂಡಿಯಿಲ್ಲದ ಗ್ರಿಪ್ ಹಾಕುವುದಕ್ಕಿಂತ ಗ್ರಿಪ್ ಇಲ್ಲದಿರುವುದೇ ವಾಸಿ. ಎ7ನ ಹಳೆಯ ಎಫ್‌ಡಬ್ಲ್ಯು50 ಬ್ಯಾಟರಿ 1,020 ಎಂಎಎಚ್‌ನದು, ಈಗಿನ ಎಫ್‌ಝಡ್100 2,280ರದ್ದು. ಹಳೆ ಬಾಡಿ ಇರುವವರು ರಾತ್ರಿ ಎಷ್ಟು ಸಲ ತಳ ತೆರೆಯಬೇಕೆಂದು ಇದರಲ್ಲೇ ಲೆಕ್ಕ ಹಾಕಬಹುದು. ಚೆಂಡೆಯ ಪೆಟ್ಟು ಏರಿ ಬಣ್ಣದ ವೇಷ ಪ್ರವೇಶವಾಗುವ ಹೊತ್ತಿಗೆ ಗ್ರಿಪ್ ಬಿಚ್ಚಲು ಅಲೆನ್ ಕೀ ಹುಡುಕುತ್ತ ಕೂತವನಿಗಾಗಿ ಯಾವ ಭಾಗವತರೂ ಪದ್ಯ ನಿಲ್ಲಿಸುವುದಿಲ್ಲ.

ಪ್ಲೇಟನ್ನು ಹಿಡಿದಿಡುವುದು ಟ್ರೈಪಾಡಿನ ಕಾಲಿಂಚು ಸ್ಕ್ರೂ ಒಂದೇ. ಒಂದೇ ಸ್ಕ್ರೂ ಅಂದಮೇಲೆ ಅದು ತಿರುಗಬಹುದು. ಆದ್ದರಿಂದ ಬಾಡಿಯ ಹಿಂದಿನ ಅಂಚಿಗೋ ಪಕ್ಕಕ್ಕೋ ಕಚ್ಚಿಕೊಳ್ಳುವ ಸಣ್ಣ ಏಣು ಪ್ಲೇಟಿನಲ್ಲಿದೆಯೇ ನೋಡಿ. ಸ್ಕ್ರೂ ಉದ್ದವಾಗಿರಲೂ ಕೂಡದು. 5.5 ಮಿ.ಮೀ.ಗಿಂತ ಗಿಡ್ಡದೇ ಇರಲಿ ಎಂದು ಸೋನಿಯ ಕೈಪಿಡಿಗಳೇ ಹೇಳುತ್ತವೆ, ಹೆಚ್ಚಾದರೆ ಬಾಡಿಗೆ ಪೆಟ್ಟು. ತಳದ ಎರಡು ಅಂಚುಗಳು ಆರ್ಕಾ-ಸ್ವಿಸ್ ಮಾದರಿಯಲ್ಲಿ ಓರೆಯಾಗಿ ಕೊರೆದಿದ್ದರೆ ಟ್ರೈಪಾಡಿಗೆ ಬೇರೆ ಪ್ಲೇಟ್ ಬೇಡ, ಗ್ರಿಪ್ ಸಮೇತ ಕಚ್ಚಿಸಬಹುದು. ಕೆಲಸಕ್ಕೆ ಬರುವ ಅನುಕೂಲ ಇದು. ತುಸು ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಚರ್ಮದ ಅರ್ಧಕವಚ ಚೆಂದ, ಒಪ್ಪುತ್ತೇನೆ. ಕರಾವಳಿಯ ಜೂನ್ ತಿಂಗಳಲ್ಲಿ ಅದಕ್ಕೆ ಬೂಸ್ಟು ಬರುತ್ತದೆ, ಆ ತೇವ ಕ್ಯಾಮೆರಾಕ್ಕೆ ಅಂಟಿಕೊಂಡೇ ಕೂರುತ್ತದೆ. ಘಟ್ಟದ ಮೇಲಿನ ಒಣಹವೆಯವರು ಬೇಕಾದರೆ ಕೊಳ್ಳಲಿ. ಫ್ಲ್ಯಾಶ್ ಕೂರುವ ಜಾಗಕ್ಕೆ ಸಿಕ್ಕಿಸುವ ಹೆಬ್ಬೆರಳಿನ ಆಸರೆ ಬೀದಿ ಫೋಟೊ ತೆಗೆಯುವವರಿಗೆ ಹಾಯಾಗಿರುತ್ತದೆ, ಫ್ಲ್ಯಾಶ್ ಬೇಕೇ ಬೇಕಾದ ಮದುವೆಯವರಿಗೆ ಏನೂ ಉಪಯೋಗವಿಲ್ಲ. ಎರಡು ಬ್ಯಾಟರಿ ಹಿಡಿಯುವ ದೊಡ್ಡ ವರ್ಟಿಕಲ್ ಗ್ರಿಪ್ ಬೇರೆಯೇ ಜಾತಿ. ಕಿರೀಟದಿಂದ ಗೆಜ್ಜೆಯವರೆಗೆ ಇಡೀ ವೇಷವನ್ನು ಉದ್ದಕ್ಕೆ ತೆಗೆಯುವಾಗ ಮೊಣಕೈ ಮೇಲೆತ್ತದೆ ಬಟನ್ ಸಿಗುತ್ತದೆ, ಆ ಸುಖ ದೊಡ್ಡದು. ಆದರೆ ಚಿಕ್ಕದು ಬೇಕೆಂದು ಮಿರರ್‌ಲೆಸ್ ಕೊಂಡವರು ಅದನ್ನು ಹಾಕಿಕೊಂಡು ಓಡಾಡುವುದನ್ನು ಕಂಡಾಗ ನನಗೆ ನಗು ತಡೆಯುವುದಿಲ್ಲ.

ಇನ್ನು, ಗ್ರಿಪ್ಪುಗಳು ಒಂದು ಮಾಡೆಲಿನದು ಇನ್ನೊಂದಕ್ಕೆ ಕೂರುವುದು ಅಪರೂಪ. ಮುಂದಿನ ವರ್ಷ ಬಾಡಿ ಬದಲಾಯಿಸುವ ಯೋಚನೆ ಇದ್ದರೆ ಈಗ ದುಬಾರಿಯದಕ್ಕೆ ಕೈ ಹಾಕಬೇಡಿ. ಬಾಡಿ ಮಾರುವಾಗ ಗ್ರಿಪ್ಪನ್ನೂ ಅದರ ಜತೆಗೇ ಕೊಟ್ಟುಬಿಡಿ, ಬಿಡಿಯಾಗಿ ಕೇಳುವವರು ಸಿಗುವುದು ಕಡಿಮೆ. ಅಲೆನ್ ಕೀಯನ್ನೂ ಮರೆಯದೆ ಕೊಡಿ.