ಡೈನೊಸಾರ್ ಅಳಿವು: ದಖನ್ನಿನ ಕಪ್ಪುಶಿಲೆಯ ಸಾಕ್ಷ್ಯವೇನು?

ವಿಜಯಪುರ, ಕಲಬುರಗಿ ಸೀಮೆಯ ಎರೆಭೂಮಿಯ ಅಡಿಯಲ್ಲಿರುವ ಕಪ್ಪುಶಿಲೆ ಒಂದು ಕಾಲದಲ್ಲಿ ಹರಿಯುವ ಬೆಂಕಿಯಾಗಿತ್ತು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಪದರಪದರವಾಗಿ ಉಕ್ಕಿದ ಲಾವಾರಸ ಹೆಪ್ಪುಗಟ್ಟಿ 'ದಖನ್ ಟ್ರ್ಯಾಪ್' ಎನಿಸಿದೆ. ಮಹಾರಾಷ್ಟ್ರ ಹಾಗೂ ನೆರೆಯ ರಾಜ್ಯಗಳಲ್ಲಿ ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಪ್ರದೇಶವನ್ನು ಅದು ಆವರಿಸಿದೆ. ಡೈನೊಸಾರ್‌ಗಳ ಅಳಿವಿಗೆ ಈ ಜ್ವಾಲಾಮುಖಿಯೇ ಮುಖ್ಯ ಕಾರಣ ಎಂಬ ವಾದವನ್ನು ಬಲವಾಗಿ ಮುಂದಿಟ್ಟವರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಭೂವಿಜ್ಞಾನಿ ಗೆರ್ಟಾ ಕೆಲ್ಲರ್.

ಬಹುಪಾಲು ವಿಜ್ಞಾನಿಗಳ ನಿಲುವು ಬೇರೆ. ಅಳಿವಿನ ಕಾಲದ ಜೇಡಿಪದರದಲ್ಲಿ ಇರಿಡಿಯಂ ಲೋಹ ಅಸಹಜವಾಗಿ ಹೆಚ್ಚಿರುವುದನ್ನು ಲೂಯಿ ಅಲ್ವಾರೆಜ್, ಅವರ ಪುತ್ರ ವಾಲ್ಟರ್ ಹಾಗೂ ಸಂಗಡಿಗರು 1980ರಲ್ಲಿ ಪ್ರಕಟಿಸಿದರು. ಕ್ಷುದ್ರಗ್ರಹವೊಂದು ಭೂಮಿಗೆ ಅಪ್ಪಳಿಸಿತ್ತೆಂಬುದು ಅವರ ತೀರ್ಮಾನ. ಆ ಆಘಾತದ ಗುರುತು ಮೆಕ್ಸಿಕೊದ ಚಿಕ್ಸುಲೂಬ್ ಕುಳಿಯೆಂದು 1991ರಲ್ಲಿ ಗುರುತಿಸಲಾಯಿತು.

<b>ಸೂಕ್ಷ್ಮಜೀವಿಗಳ ಸಾಕ್ಷಿ</b>

ಕೆಲ್ಲರ್ ನೆಚ್ಚಿದ್ದು ಫೊರಾಮಿನಿಫೆರಾ ಎಂಬ ಕಡಲ ಸೂಕ್ಷ್ಮಜೀವಿಗಳ ಪಳೆಯುಳಿಕೆಗಳನ್ನು. ದಖನ್ನಿನ ಲಾವಾರಸ ಪೂರ್ವಕ್ಕೆ ಆಂಧ್ರದ ರಾಜಮಂಡ್ರಿಯವರೆಗೂ ಹರಿದಿತ್ತು. ಅಲ್ಲಿನ ಕಲ್ಲುಗಣಿಗಳಲ್ಲಿ ಎರಡು ಲಾವಾ ಸ್ತರಗಳ ನಡುವೆ ಕಡಲ ಕೆಸರಿನ ಪದರವಿದೆ. ಅಳಿವಿನ ಬೆನ್ನಲ್ಲೇ ಹುಟ್ಟಿದ ಹೊಸ ಪ್ರಭೇದಗಳು ಆ ಪದರದಲ್ಲಿ ಸಿಕ್ಕವು. ಅಂದರೆ, ಕೆಳಗಿನ ಲಾವಾ ಹರಿದದ್ದಕ್ಕೂ ಅಳಿವಿಗೂ ಕಾಲದ ಅಂತರ ಬಲು ಕಡಿಮೆ ಎಂದು 2008ರಲ್ಲಿ ಅವರ ತಂಡ ಪ್ರತಿಪಾದಿಸಿತು. ಜ್ವಾಲಾಮುಖಿ ಉಗುಳಿದ ಇಂಗಾಲದ ಡೈಆಕ್ಸೈಡ್ ಭೂಮಿಯನ್ನು ಬಿಸಿಯಾಗಿಸಿತು, ಗಂಧಕದ ಅನಿಲ ಆಮ್ಲಮಳೆ ಸುರಿಸಿತು ಎಂಬುದು ಈ ವಾದದ ತಿರುಳು.

<b>ಕಾಲನಿರ್ಣಯವೇ ಕಗ್ಗಂಟು</b>

ಲಾವಾ ಉಕ್ಕಿದ್ದು ಅಳಿವಿಗೆ ಮೊದಲೋ, ಅನಂತರವೋ? ಈ ಬಗ್ಗೆ 2019ರಲ್ಲಿ 'ಸೈನ್ಸ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ಅಧ್ಯಯನಗಳು ಪ್ರಕಟವಾದವು. ಕೆಲ್ಲರ್ ಸಹ ಭಾಗಿಯಾಗಿದ್ದ ಮೊದಲನೆಯದು, ಭಾರಿ ಸ್ಫೋಟದ ಅಲೆಯೊಂದು ಅಳಿವಿಗೆ ಹತ್ತಾರು ಸಾವಿರ ವರ್ಷ ಮೊದಲೇ ಆರಂಭವಾಗಿತ್ತು ಎಂದಿತು. ಲಾವಾದ ಮುಕ್ಕಾಲು ಪಾಲು ಹೊರಬಂದದ್ದು ಅಳಿವಿನ ನಂತರ ಎಂದಿತು ಎರಡನೆಯದು. ಸಾಗರದ ತಾಪಮಾನವನ್ನು ಆಧರಿಸಿದ 2020ರ ಮತ್ತೊಂದು ಅಧ್ಯಯನ ಕ್ಷುದ್ರಗ್ರಹದ ಕಡೆಗೇ ವಾಲಿತು.

ಆದರೂ ಕೆಲ್ಲರ್ ಎತ್ತಿದ ಪ್ರಶ್ನೆ ವ್ಯರ್ಥವಲ್ಲ. ಸುಮಾರು 25.2 ಕೋಟಿ ವರ್ಷಗಳ ಹಿಂದೆ ಭೂಮಿ ಕಂಡ ಅತಿದೊಡ್ಡ ಅಳಿವಿಗೆ ಸೈಬೀರಿಯಾದ ಜ್ವಾಲಾಮುಖಿಯೇ ಕಾರಣವೆಂಬುದನ್ನು ಇಂದು ಬಹುತೇಕ ವಿಜ್ಞಾನಿಗಳು ಒಪ್ಪುತ್ತಾರೆ. ಅಲ್ಲಿಯೂ ಜೀವಿಗಳನ್ನು ಕೊಂದದ್ದು ಲಾವಾರಸಕ್ಕಿಂತ ಹೆಚ್ಚಾಗಿ ಗಾಳಿಗೆ ಸೇರಿದ ಅನಿಲ. ಅದೇ ಇಂಗಾಲದ ಡೈಆಕ್ಸೈಡನ್ನು ಇಂದು ಮನುಷ್ಯನೇ ವಾತಾವರಣಕ್ಕೆ ತುಂಬುತ್ತಿರುವುದರಿಂದ, ಕಪ್ಪುಶಿಲೆಯ ಈ ಹಳೆಯ ಲೆಕ್ಕಕ್ಕೆ ಹೊಸ ಮಹತ್ವ ಬಂದಿದೆ.