ಎಲ್ಲಿ ನಿಂತು ತೆಗೆದದ್ದು?

ನಮ್ಮ ಕಡೆ ಫೋಟೊ ಪ್ರದರ್ಶನಕ್ಕೆ ಬಂದವರು ಮೊದಲು ಕೇಳುವುದು ಒಂದೇ ಮಾತು: ‘ಇದು ಯಾವೂರಿಂದ್ರೀ?’ ಊರಿನ ಹೆಸರು ಹೇಳಿದರೆ ಸಾಕು, ಮುಂದಿನ ಚಿತ್ರಕ್ಕೆ ಸರಿದುಬಿಡುತ್ತಾರೆ. ನಾನು ಶಹಾಪುರದಲ್ಲಿ ಸ್ಟುಡಿಯೊ ಇಟ್ಟುಕೊಂಡು ಮದುವೆ, ಕುಬಸ, ಜವಳದ ಫೋಟೊ ತೆಗೆದು ಹೊಟ್ಟೆ ಹೊರೆದವನು. ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನಕ್ಕೆ ಶಾಲೆಯ ಹಾಲಿನಲ್ಲಿ 12×18 ಪ್ರಿಂಟುಗಳನ್ನು ತೂಗುಹಾಕುವಾಗಲೆಲ್ಲ ನನಗನ್ನಿಸುವುದು, ಕೇಳಬೇಕಾದದ್ದು ಬೇರೆ ಇದೆ ಅಂತ. ಎಲ್ಲಿ ನಿಂತು ತೆಗೆದದ್ದು? ಎಷ್ಟು ಹೊತ್ತಿನಲ್ಲಿ?

ನಮ್ಮೂರಿನ ಮಲಗಿದ ಬುದ್ಧನನ್ನೇ ನೋಡಿ. ಆ ಬೆಟ್ಟದಲ್ಲಿ ಯಾರೂ ಬುದ್ಧನನ್ನು ಕೆತ್ತಿಲ್ಲ. ಹಿಂದೆ ಮುಂದೆ ನಿಂತ ಗುಡ್ಡಗಳ ಅಂಚುಗಳು ರಸ್ತೆಯ ಒಂದು ಕಡೆಯಿಂದ ನೋಡಿದಾಗ ಮಾತ್ರ ಕೂಡಿಕೊಂಡು ಹಣೆ, ಮೂಗು, ಗದ್ದ, ಎದೆಯಾಗುತ್ತವೆ. ಬೈಕಿನಲ್ಲಿ ಮುಂದೆ ಹೋಗುತ್ತ ನೋಡುತ್ತಿದ್ದರೆ ಮುಖ ಕರಗಿ ಬರೀ ಕಲ್ಲುಗುಡ್ಡ ಉಳಿಯುತ್ತದೆ. ಹಾಗಾಗಿ ಈ ಬುದ್ಧ ಅರ್ಧ ಬೆಟ್ಟದಲ್ಲಿದ್ದಾನೆ, ಇನ್ನರ್ಧ ನೋಡುವವನು ನಿಂತ ಜಾಗದಲ್ಲಿದ್ದಾನೆ. ಮೊಬೈಲಿನ ಅಗಲ ಲೆನ್ಸಿನಲ್ಲಿ ತೆಗೆದರೆ ಆಕಾಶ ಮತ್ತು ಡಾಂಬರಿನ ನಡುವೆ ಅವನು ಒಂದು ಗೆರೆಯಷ್ಟಾಗುತ್ತಾನೆ. ದೂರ ಸರಿದು ಜೂಮ್ ಲೆನ್ಸ್ ಹಾಕಿದರೆ ಗುಡ್ಡಗಳ ನಡುವಿನ ಅಂತರ ಕುಗ್ಗಿದಂತೆ ಕಂಡು ಮೈ ತುಂಬಿಕೊಳ್ಳುತ್ತದೆ. ನಡುಹಗಲಲ್ಲಿ ಒಂದೊಂದು ಬಂಡೆಯೂ ಕಾಣುತ್ತದೆ, ಬುದ್ಧ ಮಾತ್ರ ಕಾಣುವುದಿಲ್ಲ. ಬೆಳಕು ಬೆಟ್ಟದ ಬೆನ್ನಿನಿಂದ ಬಂದಾಗ ಬಂಡೆಗಳು ಕಪ್ಪಾಗಿ, ಅಂಚೊಂದೇ ಉಳಿದು, ಮುಖ ಮೇಲೆದ್ದು ಬರುತ್ತದೆ. ಪ್ರತಿ ಪ್ರದರ್ಶನದಲ್ಲೂ ನಾಲ್ಕಾರು ಬುದ್ಧರು ಇದ್ದೇ ಇರುತ್ತಾರೆ. ‘ಮತ್ತ ಅದೇ ಬುದ್ಧ ಏನ್ರೀ’ ಎಂದು ಮೂಗು ಮುರಿಯಬೇಡಿ. ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಛಾಯಾಗ್ರಹಣದ ಪಾಠ ಅರ್ಧ ಮುಗಿದಂತೆ.

ಎರೆ ಹೊಲದ ಚಿತ್ರಗಳು ಇನ್ನೊಂದು ಪರೀಕ್ಷೆ. ಕ್ಯಾಮೆರಾದ ಮೀಟರು ತನ್ನೆದುರು ಇರುವುದೆಲ್ಲ ನಡುವಣ ಬೂದುಬಣ್ಣದ್ದೆಂದು ಎಣಿಸಿ ಬೆಳಕು ಅಳೆಯುತ್ತದೆ. ಹೀಗಾಗಿ ಭೀಮಾ ದಂಡೆಯ ಕರಿ ಎರೆಯನ್ನು ಅದರ ಪಾಡಿಗೆ ಬಿಟ್ಟರೆ ಬೂದಿ ಚೆಲ್ಲಿದ ಹಾಗೆ ಮಾಡಿಕೊಡುತ್ತದೆ. ಬಲ್ಲವನು ಎಕ್ಸ್‌ಪೋಷರ್ ಒಂದು ಹಂತ ಇಳಿಸಿ ಮಣ್ಣಿನ ಕಪ್ಪನ್ನು ಉಳಿಸಿಕೊಳ್ಳುತ್ತಾನೆ. ಚಿತ್ರದಲ್ಲಿ ಎರೆ ಎರೆಯಂತೆಯೇ ಕಂಡರೆ ತೆಗೆದವನಿಗೆ ಹೊಲವೂ ಗೊತ್ತು, ಕ್ಯಾಮೆರಾವೂ ಗೊತ್ತು.

ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಕಲ್ಲುಗಳ ಸಾಲುಗಳಿವೆ. ನೆಲದ ಮೇಲೆ ನಿಂತರೆ ದನ ಮೇಯುವ ಬಯಲಿನಲ್ಲಿ ಗುಂಡು ಬಿದ್ದಂತೆ ಕಾಣುತ್ತವೆ, ಅಷ್ಟೆ. ಎತ್ತರದಿಂದ ನೋಡಿದಾಗ ಸಾಲು ಸಾಲು ಎದ್ದು ಬರುತ್ತವೆ. ಈ ಕಲ್ಲುಗಳ ಬಗ್ಗೆ ಮೊದಲು ಬರೆದವರಲ್ಲಿ ಸುರಪುರದ ಟೇಲರ್ ಸಾಹೇಬ ಒಬ್ಬ.

ಫಿಲಿಪ್ ಮೆಡೋಸ್ ಟೇಲರ್ 1841ರಿಂದ 1853ರವರೆಗೆ ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಏಜೆಂಟನಾಗಿದ್ದ. ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ನಿಂತಿದೆ. ಮನೆಗೆ ಆರಿಸಿದ ಜಾಗ ನೋಡಿದರೇ ಅವನ ಕಣ್ಣು ಎಂಥದ್ದೆಂದು ತಿಳಿಯುತ್ತದೆ. ಚಿತ್ರ ಬರೆಯುವ ಕೈಯೂ ಅವನಿಗಿತ್ತು. ಕರ್ನಾಟಕದ ದೇವಾಲಯಗಳ ಮೊದಮೊದಲ ಫೋಟೊ ಪುಸ್ತಕಗಳಲ್ಲೊಂದು 1866ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಚಿತ್ರಗಳು ಡಾ. ಪಿಗೊ, ನೀಲ್ ಮತ್ತು ಕರ್ನಲ್ ಬಿಗ್ಸ್ ಅವರವು. ಇತಿಹಾಸದ ಬರಹ ಟೇಲರನದು. ಆ ಕಾಲದ ಫೋಟೊಗಳಲ್ಲಿ ಆಕಾಶ ಸಾಮಾನ್ಯವಾಗಿ ಬೋಳು ಬಿಳಿ. ಅಂದಿನ ರಾಸಾಯನಿಕ ಲೇಪಕ್ಕೆ ನೀಲಿ ಬೆಳಕು ಬೇಗ ತಾಗುತ್ತಿತ್ತು, ಕಲ್ಲಿನ ವಿವರ ಮೂಡುವಷ್ಟರಲ್ಲಿ ಮೋಡಗಳು ಅಳಿಸಿಹೋಗುತ್ತಿದ್ದವು. ಹೆಚ್ಚು ಹೊತ್ತು ಬೆಳಕು ಕುಡಿಸಬೇಕಿದ್ದ ಕಾರಣ ಗಾಳಿಗೆ ಅಲುಗಿದ ಎಲೆ ಮಸುಕಾಗುತ್ತಿತ್ತು, ನಡೆದುಹೋದ ಮನುಷ್ಯ ಕಾಣದೇ ಹೋಗುತ್ತಿದ್ದ.

ಈಗ ಆಕಾಶದ ಕೊರತೆ ಇಲ್ಲ, ಅತಿಯಾಗಿದೆ. ಯಾದಗಿರಿ ಕೋಟೆಯ ಹಿಂದೆ ಕೇಸರಿಬಾತಿನ ಬಣ್ಣದ ಸಂಜೆ, ಬೋನಾಳ ಕೆರೆಗೆ ಸ್ವಿಮ್ಮಿಂಗ್ ಪೂಲಿನ ನೀಲಿ. ಬಣ್ಣ ತಿದ್ದುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಅಮೆರಿಕದ ಆನ್ಸೆಲ್ ಆಡಮ್ಸ್ 1927ರಲ್ಲಿ ಯೋಸೆಮಿಟಿಯ ಹಾಫ್ ಡೋಮ್ ಬಂಡೆಯನ್ನು ತೆಗೆಯುವಾಗ ಕಡುಗೆಂಪು ಫಿಲ್ಟರ್ ಹಾಕಿ ಹಗಲಿನ ಆಕಾಶವನ್ನೇ ಕಪ್ಪಾಗಿಸಿದ. ಬಂಡೆಯ ಮುಂದೆ ನಿಂತಾಗ ತನಗೆ ಆದದ್ದನ್ನು ತೋರಿಸಲು ಅವನಿಗೆ ಆ ಕಪ್ಪು ಬೇಕಿತ್ತು. ನಮ್ಮ ಹುಡುಗರ ಕೇಸರಿ ಆ್ಯಪ್‌ನಲ್ಲಿ ಸಿಕ್ಕಿತೆಂದು ಬಂದದ್ದು. ಅದನ್ನು ಮೆಚ್ಚುವುದು ನನ್ನಿಂದಾಗದು.

ನೋಡುವ ಬಗೆಯೂ ಒಂದಿದೆ. ಮೊದಲು ದೂರ ನಿಂತು ಬೆಳಕು ಎಲ್ಲಿದೆ, ಕತ್ತಲು ಎಲ್ಲಿದೆ ನೋಡಿ. ಆಮೇಲೆ ಹತ್ತಿರ ಬನ್ನಿ. 12×18 ಪ್ರಿಂಟಿಗೆ ಎರಡು ಅಡಿ ಸಾಕು. ಮುಂಭಾಗದಲ್ಲಿ ಏನಿಟ್ಟಿದ್ದಾನೆ, ವಿದ್ಯುತ್ ತಂತಿಯನ್ನು ಬಿಟ್ಟಿದ್ದಾನೋ ಅಳಿಸಿದ್ದಾನೋ ಹುಡುಕಿ. ತಂತಿ ಬಿಟ್ಟವನನ್ನು ನಾನು ಹೆಚ್ಚು ನಂಬುತ್ತೇನೆ. ಗ್ಲಾಸಿ ಪ್ರಿಂಟಿನಲ್ಲಿ ಟ್ಯೂಬ್‌ಲೈಟ್ ಹೊಳೆದರೆ ಒಂದು ಹೆಜ್ಜೆ ಪಕ್ಕಕ್ಕೆ ಸರಿಯಿರಿ.

ಪ್ರದರ್ಶನ ಇಡುವವರಲ್ಲಿ ಒಂದು ಬೇಡಿಕೆ. ಚಿತ್ರದ ಕೆಳಗೆ ‘ಪ್ರಕೃತಿಯ ಮಡಿಲು’ ಎಂದು ಬರೆಯುವುದನ್ನು ಬಿಡಿ. ನಾರಾಯಣಪುರದ ಬಸವಸಾಗರ 1982ರಲ್ಲಿ ಮುಗಿದ ಮೇಲೆ ಎಡದಂಡೆ ಕಾಲುವೆಯ ನೀರು ನಮ್ಮ ಸಗರನಾಡಿನ ಸುರಪುರ, ಶಹಾಪುರದ ಹೊಲಗಳಿಗೆ ಬಂತು. ಜೋಳ, ತೊಗರಿ ಇದ್ದ ಎಷ್ಟೋ ಕಡೆ ಈಗ ಭತ್ತದ ಹಸಿರು. ಆ ಬದಲಾವಣೆಗೆ ಮೊದಲಿನ ಸಗರನಾಡನ್ನು ತೋರಿಸುವ ಚಿತ್ರಕ್ಕಾಗಿ ನಮ್ಮ ಮನೆಗಳ ಟ್ರಂಕು ಕೆದರಿದರೆ ಸಿಗುವುದು ಮದುವೆಯ ಗ್ರೂಪ್ ಫೋಟೊಗಳೇ. ಈಗ ತೆಗೆಯುವ ಪ್ರತಿ ಚಿತ್ರದ ಹಿಂದೆ ಊರು, ನಿಂತ ಜಾಗ, ತಾರೀಖು, ಹೊತ್ತು ಇಷ್ಟನ್ನಾದರೂ ಪೆನ್ಸಿಲ್ಲಿನಲ್ಲಿ ಬರೆದಿಡಿ.